ಗಡಿಯಾರ ಹಿಡಿದು ಓದಿಸುವ ಮುನ್ನ

ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು. ಚಿಕ್ಕ ತರಗತಿಗಳ ಮಕ್ಕಳಿಗೆ ಓದು, ಲೆಕ್ಕ ಬರಲೆಂದು 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಪಟ್ಟಿ ಹೀಗೆ ಹೇಳುತ್ತದೆ. ಹಿಂದಿ ಓದುವ ಮಗುವಿಗೂ 60, ಮಲಯಾಳ ಓದುವ ಮಗುವಿಗೂ 60, ಕನ್ನಡ ಓದುವ ಮಗುವಿಗೂ 60. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಓದು ಕಲಿಸುತ್ತಲೇ ಬದುಕಿನ ಬಹುಭಾಗ ಕಳೆದವಳು ನಾನು. ಈ ಸಂಖ್ಯೆ ಎಲ್ಲಿಂದ ಬಂತು, ಯಾವ ಮಗುವನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ಗೊತ್ತುಮಾಡಿದರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಓದುತ್ತಾ ಹೋದಂತೆ ಆಫ್ರಿಕಾ, ಫಿಲಿಪ್ಪೀನ್ಸ್, ಒಡಿಶಾ ಎಲ್ಲ ಸುತ್ತಿ ಮತ್ತೆ ನಮ್ಮ ಯಾದಗಿರಿಯ ತಾಂಡಾಗಳಿಗೇ ಬಂದು ನಿಂತೆ. ಆ ಓದಿನಿಂದ ಗಟ್ಟಿಯಾದ ಒಂದು ಮಾತನ್ನು ಇಲ್ಲಿ ಹೇಳಬೇಕಾಗಿದೆ: ಬಹುಭಾಷೆಯ ಬಡ ನಾಡುಗಳಲ್ಲಿ ಓದು ಕಲಿಯುವ ಮಗುವಿಗೆ ನಾವು ಎಲ್ಲಕ್ಕಿಂತ ಕಡಿಮೆ ಕೊಡುತ್ತಿರುವುದು ಸಮಯವನ್ನು. ಆ ಮಗುವನ್ನು ಅಧ್ಯಯನ ಮಾಡುವ ಸಂಶೋಧನೆಗೂ ಅಷ್ಟೇ ಕಡಿಮೆ ಕೊಡುತ್ತಿದ್ದೇವೆ.

ಮೊದಲು ಆ ಅರವತ್ತರ ಲೆಕ್ಕ. ‘ಅವಳು ಶಾಲೆಯಿಂದ ಮನೆಗೆ ಓಡಿಬಂದಳು’ ಎಂಬುದು ಕನ್ನಡದಲ್ಲಿ ನಾಲ್ಕು ಪದ. ಇಂಗ್ಲಿಷಿನಲ್ಲಿ ಇದನ್ನೇ ಹೇಳಲು ಆರು ಪದ ಬೇಕು. ‘ಹೋಗಬೇಕಾಗಿತ್ತು’ ನಮಗೆ ಒಂದೇ ಪದ, ಇಂಗ್ಲಿಷಿಗೂ ಹಿಂದಿಗೂ ಮೂರು. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ, ವಚನ, ಒತ್ತಿ ಹೇಳುವ ‘ಏ’, ಸೇರಿಸಿ ಹೇಳುವ ‘ಊ’ ಎಲ್ಲವೂ ಪದದ ಕೊನೆಗೆ ಒಂದರ ಹಿಂದೊಂದು ಅಂಟಿಕೊಳ್ಳುತ್ತವೆ. ಎರಡನೇ ತರಗತಿಯ ಪಾಠದಲ್ಲೇ ಐದಾರು ಅಕ್ಷರಗಳ ಪದಗಳು ಸಾಲಾಗಿ ಬರುತ್ತವೆ. ಹೀಗಿರುವಾಗ ಎರಡು ಭಾಷೆಗಳ ಮಕ್ಕಳನ್ನು ನಿಮಿಷಕ್ಕೆ ಎಷ್ಟು ಪದ ಎಂದು ಅಳೆಯುವುದು ಸೇರಿನಲ್ಲಿ ಅಳೆದ ಜೋಳವನ್ನೂ ಕಿಲೋದಲ್ಲಿ ತೂಗಿದ ಜೋಳವನ್ನೂ ಬರಿಯ ಅಂಕಿ ನೋಡಿ ಹೋಲಿಸಿದಂತಾಗುತ್ತದೆ.

ಗಡಿಯಾರ ಹಿಡಿದು ಓದಿಸುವ ಪರೀಕ್ಷೆಯ ಬೇರು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿ ಇಂಗ್ಲಿಷ್ ಓದುವ ಮಕ್ಕಳಿಗಾಗಿ ರೂಪುಗೊಂಡ ಕಿರುಪರೀಕ್ಷೆಗಳನ್ನು ಆಧರಿಸಿ 2006ರಲ್ಲಿ ಆರ್‌ಟಿಐ ಇಂಟರ್‌ನ್ಯಾಷನಲ್ ಎಂಬ ಅಮೆರಿಕದ ಸಂಸ್ಥೆ ಬಡ ದೇಶಗಳಿಗೆಂದು ಒಂದು ಮೌಖಿಕ ಪರೀಕ್ಷೆಯನ್ನು ಸಿದ್ಧಪಡಿಸಿತು. ಹಣ ಅಮೆರಿಕ ಸರ್ಕಾರದ ಯುಎಸ್‌ಏಡ್ ಮತ್ತು ವಿಶ್ವಬ್ಯಾಂಕಿನದು. 2007ರಲ್ಲಿ ಸೆನೆಗಲ್ ಮತ್ತು ಗ್ಯಾಂಬಿಯಾದಲ್ಲಿ ಮೊದಲ ಪ್ರಯೋಗ ನಡೆಯಿತು. ‘ಇಗ್ರಾ’ ಎಂಬ ಹೆಸರಿನಿಂದ ಅದು ಕೆಲವೇ ವರ್ಷಗಳಲ್ಲಿ ಹತ್ತಾರು ದೇಶಗಳನ್ನು, ನೂರರಷ್ಟು ಭಾಷೆಗಳನ್ನು ಮುಟ್ಟಿತು. ಅದಕ್ಕೆ ಸಲ್ಲಬೇಕಾದ ಶ್ರೇಯ ಸಲ್ಲಲೇಬೇಕು. ಶಾಲೆಗೆ ದಾಖಲಾದ ಮಕ್ಕಳೆಲ್ಲ ಕಲಿಯುತ್ತಿದ್ದಾರೆ ಎಂದು ಸರ್ಕಾರಗಳು ನಂಬಿಕೊಂಡಿದ್ದ ಕಾಲ ಅದು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಓದು ನೋಡೋಣ’ ಎಂದು ಕೇಳಿದಾಗಲೇ ಒಂದು ಪದವನ್ನೂ ಓದಲಾಗದ ಮಕ್ಕಳು ಎಷ್ಟಿದ್ದಾರೆ ಎಂಬುದು ಹೊರಬಿದ್ದದ್ದು. ನಮ್ಮಲ್ಲಿ ಇದೇ ಕೆಲಸವನ್ನು ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ 2005ರಿಂದ ಮಾಡುತ್ತಿದೆ. 2024ರ ಅಸರ್ ಪ್ರಕಾರ ಗ್ರಾಮೀಣ ಭಾರತದಲ್ಲಿ ಮೂರನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ 27.1 ಮಾತ್ರ. ನನಗೆ ಅಸರ್ ಇಷ್ಟವಾಗುವುದು ಅದು ಮಗುವನ್ನು ಹಳ್ಳಿಯ ಮನೆಯಂಗಳದಲ್ಲೇ ಭೇಟಿಯಾಗುತ್ತದೆ ಎಂಬ ಕಾರಣಕ್ಕೆ. ಮನೆಯವರೂ ಅಲ್ಲೇ ನಿಂತು ನೋಡುತ್ತಾರೆ, ತಮ್ಮ ಮಗು ಎಲ್ಲಿ ತಡವರಿಸಿತು ಎಂಬುದು ಅವರಿಗೂ ತಿಳಿಯುತ್ತದೆ.

ಒಂದೇ ಅಳತೆಗೋಲು ಎಲ್ಲ ಭಾಷೆಗೂ ಒಗ್ಗುವುದಿಲ್ಲ ಎಂಬುದನ್ನು ಅತ್ಯಂತ ಶ್ರದ್ಧೆಯಿಂದ ತೋರಿಸಿಕೊಟ್ಟವರು ದಕ್ಷಿಣ ಆಫ್ರಿಕಾದವರು. ಅಲ್ಲಿನ ಭಾಷೆಗಳ ಬಗ್ಗೆ ಓದುವಾಗ ನನಗೆ ನಮ್ಮದೇ ಭಾಷೆಯ ಬಗ್ಗೆ ಓದಿದಂತಾಗುತ್ತದೆ. ಜುಲು ಮತ್ತು ಷೋಸಾ ಭಾಷೆಗಳನ್ನು ಪ್ರತ್ಯಯಗಳನ್ನೆಲ್ಲ ಕೂಡಿಸಿ ಉದ್ದುದ್ದ ಪದಗಳಾಗಿ ಬರೆಯುತ್ತಾರೆ. ಅವುಗಳ ನೆಂಟ ಭಾಷೆಗಳಾದ ಸೆತ್ಸ್ವಾನಾ ಮತ್ತು ಸೆಸೋತೋಗಳಲ್ಲಿ ಅದೇ ತುಣುಕುಗಳನ್ನು ಬಿಡಿಬಿಡಿಯಾಗಿ, ಚಿಕ್ಕ ಚಿಕ್ಕ ಪದಗಳಾಗಿ ಬರೆಯುತ್ತಾರೆ. ಹೇಳುವ ಅರ್ಥ ಹೆಚ್ಚುಕಡಿಮೆ ಒಂದೇ, ಪುಟದ ಮೇಲಿನ ಪದಗಳ ಎಣಿಕೆ ಮಾತ್ರ ಬೇರೆ. ಅಲ್ಲಿನ ಸಂಶೋಧಕರು ತಮ್ಮ ಮಕ್ಕಳ ಓದನ್ನೇ ಭಾಷೆಭಾಷೆಯಾಗಿ ಕೂಡಿಹಾಕಿ, ಯಾವ ವೇಗ ದಾಟಿದ ಮೇಲೆ ಮಗುವಿಗೆ ಅರ್ಥ ಹಿಡಿತಕ್ಕೆ ಸಿಗುತ್ತದೆ ಎಂದು ಹುಡುಕಿದರು. ಮೂರನೇ ತರಗತಿಯ ಕೊನೆಗೆ ಜುಲು, ಷೋಸಾ ಗುಂಪಿನ ಭಾಷೆಗಳಿಗೆ ನಿಮಿಷಕ್ಕೆ 35 ಪದ, ಸೆಸೋತೋ, ಸೆತ್ಸ್ವಾನಾ ಭಾಷೆಗಳಿಗೆ 60 ಪದ ಎಂದು ಗೊತ್ತುಮಾಡಿದರು. ಒಂದೇ ದೇಶ, ಒಂದೇ ತರಗತಿ, ಒಂದೇ ಭಾಷಾಕುಟುಂಬ. ಗುರಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಂತರ. ಜುಲು ಮಗುವಿಗೆ 60ರ ಗುರಿ ಕೊಟ್ಟಿದ್ದರೆ ಚೆನ್ನಾಗಿ ಓದುವ ಮಕ್ಕಳೂ ಹಿಂದುಳಿದವರ ಪಟ್ಟಿಗೆ ಸೇರುತ್ತಿದ್ದರು.

ಆ ದೇಶದ ಸಂಕಟವೂ ಸಣ್ಣದೇನಲ್ಲ. 2016ರ ಅಂತರರಾಷ್ಟ್ರೀಯ ಓದು ಪರೀಕ್ಷೆಯಲ್ಲಿ ಅಲ್ಲಿನ ನಾಲ್ಕನೇ ತರಗತಿಯ ಶೇ 78ರಷ್ಟು ಮಕ್ಕಳು ಯಾವ ಭಾಷೆಯಲ್ಲೂ ಅರ್ಥಮಾಡಿಕೊಂಡು ಓದಲಾರದವರಾಗಿದ್ದರು. ಕೋವಿಡ್ ನಂತರದ 2021ರ ಸುತ್ತಿನಲ್ಲಿ ಅದು ಶೇ 81ಕ್ಕೆ ಏರಿತು. ಮೂರನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿತ ಮಕ್ಕಳು ನಾಲ್ಕನೆಯದಕ್ಕೆ ಕಾಲಿಡುತ್ತಿದ್ದಂತೆ ಬಹುಪಾಲು ಇಂಗ್ಲಿಷ್ ಮಾಧ್ಯಮಕ್ಕೆ ದಾಟಬೇಕಾಗುತ್ತದೆ. ಮನೆಮಾತಿನ ಓದೇ ಇನ್ನೂ ನೆಲೆ ನಿಂತಿರುವುದಿಲ್ಲ.

ನಮ್ಮಲ್ಲೂ ಎಚ್ಚರ ಮೂಡಿದೆ. 2022ರ ಮಾರ್ಚ್‌ನಲ್ಲಿ ಎನ್‌ಸಿಇಆರ್‌ಟಿ 20 ಭಾಷೆಗಳಲ್ಲಿ, ಸುಮಾರು 86,000 ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿ, ಭಾಷೆವಾರು ಬೇರೆ ಬೇರೆ ಮಟ್ಟಗಳನ್ನು ಗುರುತಿಸಿತು. ಇದು ದೊಡ್ಡ ಹೆಜ್ಜೆ. ಆದರೆ ಮೇಲಿನಿಂದ ಬರುವ ಪೋಸ್ಟರುಗಳಲ್ಲಿ, ತರಬೇತಿಯ ಸ್ಲೈಡುಗಳಲ್ಲಿ ಇನ್ನೂ ಆ 60 ಅಚ್ಚಾಗಿ ಕೂತಿದೆ. ಶಿಕ್ಷಕರು ಅದನ್ನೇ ಹಿಡಿದು ಮಕ್ಕಳನ್ನು ಅವಸರಿಸುತ್ತಾರೆ.

ಕನ್ನಡದ ಮಗು ಏನು ಕಲಿಯಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವರ್ಣಮಾಲೆಯಲ್ಲಿ ಐವತ್ತರ ಆಸುಪಾಸು ಅಕ್ಷರಗಳು ಎಂದು ನಾವು ಹೇಳಿಕೊಂಡರೂ ಮಗುವಿನ ಕಣ್ಣಿಗೆ ಬೀಳುವುದು ಅಷ್ಟೇ ಅಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತ ಹತ್ತಿಕೊಂಡಾಗ ನಾನೂರಕ್ಕೂ ಹೆಚ್ಚು ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು. ‘ತ’ ತನ್ನ ಒತ್ತಿನಲ್ಲಿ ತನ್ನ ಹಾಗೆ ಕಾಣುವುದಿಲ್ಲ. ‘ಮ’, ‘ಯ’, ‘ರ’ಗಳ ಒತ್ತುಗಳೂ ಹಾಗೆಯೇ. ‘ಪ’, ‘ಷ’, ‘ವ’, ‘ಮ’ ಒಂದೇ ಮನೆಯ ಮಕ್ಕಳಂತೆ ಹೋಲುತ್ತವೆ. ಎಲ್ಲಕ್ಕಿಂತ ಕಠಿಣವಾದದ್ದು ಅರ್ಕಾವತ್ತು. ‘ಸೂರ್ಯ’ ಎನ್ನುವಾಗ ಕಿವಿಗೆ ಮೊದಲು ಕೇಳುವ ರಕಾರ ಕಾಗದದ ಮೇಲೆ ಯಕಾರದ ನಂತರ ಬರುತ್ತದೆ. ಮೂರನೇ ತರಗತಿಯ ಉಕ್ತಲೇಖನದ ಪುಸ್ತಕಗಳಲ್ಲಿ ‘ಸೂಯ್ರ’, ‘ಕಣ್ರ’ ಎಂಬಂತಹ ಬರಹ ಎಷ್ಟೋ ಸಿಗುತ್ತವೆ. ಕೆಂಪು ಶಾಯಿಯಲ್ಲಿ ಗೀಟು ಹಾಕಿ ಮುಂದೆ ಹೋಗುವುದು ಸುಲಭ. ಆದರೆ ಆ ಮಗುವಿಗೆ ರಕಾರ ಕೇಳಿಸಿದೆ, ಯಕಾರ ಕೇಳಿಸಿದೆ, ಎರಡೂ ಒಂದರೊಳಗೊಂದು ಕೂಡಬೇಕು ಎಂಬುದೂ ಗೊತ್ತಿದೆ. ಕೂಡಿಸುವ ಕ್ರಮ ಒಂದು ಉಳಿದಿದೆ. ಹೀಗೆ ಬರೆಯುವ ಮಗುವನ್ನು ನಾನು ಅರ್ಧಕ್ಕಿಂತ ಹೆಚ್ಚು ದಾರಿ ಸವೆಸಿದ ಮಗು ಎಂದೇ ಎಣಿಸುತ್ತೇನೆ.

ಈ ದಾರಿಯ ಉದ್ದವನ್ನು ಶಿಸ್ತಿನಿಂದ ಅಳೆದವರು ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್‌ನಲ್ಲಿ ಕೆಲಸ ಮಾಡಿದ ಸೋನಾಲಿ ನಾಗ್. ಕನ್ನಡ ಮಾಧ್ಯಮದ ಮಕ್ಕಳ ಓದಿನ ಮೇಲೆ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಮಟ್ಟಿಗೆ ಪ್ರತಿಯೊಬ್ಬ ಪ್ರಾಥಮಿಕ ಶಿಕ್ಷಕರಿಗೂ ತಲುಪಬೇಕಾದದ್ದು. ಅದರ ಸಾರ ಹೀಗೆ. ಕನ್ನಡದ ಅಕ್ಷರಜ್ಞಾನ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವ ಕೆಲಸವಲ್ಲ. ನಾಲ್ಕನೇ ತರಗತಿಯ ಹೊತ್ತಿಗೂ ಮಕ್ಕಳು ಅಪರೂಪದ ರೂಪಗಳನ್ನು ಕಲಿಯುತ್ತಲೇ ಇರುತ್ತಾರೆ. ಪದವನ್ನು ಅಕ್ಷರಗಳಾಗಿ ಬಿಡಿಸುವುದು ಮಕ್ಕಳಿಗೆ ಬೇಗ ಬರುತ್ತದೆ, ಅಕ್ಷರದ ಒಳಗಿನ ವ್ಯಂಜನ ಮತ್ತು ಸ್ವರಗಳನ್ನು ಬೇರೆ ಬೇರೆಯಾಗಿ ಕೇಳಿಸಿಕೊಳ್ಳುವುದು ನಿಧಾನವಾಗಿ ಬರುತ್ತದೆ. ಕಾಗುಣಿತದಲ್ಲಿ ಪಳಗಿದಂತೆಲ್ಲ ಆ ಕಿವಿ ತೆರೆಯುತ್ತದೆ. ಕೆಲವೇ ಅಕ್ಷರಗಳ ಲಿಪಿಗಳನ್ನು ಒಂದು ಬಗೆ, ನಮ್ಮಂತಹ ನೂರಾರು ರೂಪಗಳ ಲಿಪಿಗಳನ್ನು ಇನ್ನೊಂದು ಬಗೆ ಎಂದು ವಿಂಗಡಿಸಿ, ಎರಡನೆಯದಕ್ಕೆ ಹೆಚ್ಚು ಕಾಲ ಬೇಕೇ ಬೇಕು ಎಂದು ಅವರು ವಾದಿಸಿದರು. ಅವರಿಗೂ ಮೊದಲು, 1990ರ ದಶಕದಲ್ಲೇ, ಪ್ರತಿಭಾ ಕಾರಂತ್ ಮತ್ತು ಅವರ ಸಂಗಡಿಗರು ಇನ್ನೊಂದು ಮುಖ್ಯ ಮಾತು ತೋರಿಸಿದ್ದರು. ಇಂಗ್ಲಿಷ್ ಓದಿಗೆ ಅಡಿಪಾಯ ಎಂದು ಪಶ್ಚಿಮದವರು ನಂಬಿದ ಧ್ವನಿ ಬಿಡಿಸುವ ಪರೀಕ್ಷೆಗಳಲ್ಲಿ ನಮ್ಮ ಲಿಪಿಗಳನ್ನು ಸರಾಗವಾಗಿ ಓದುವವರೂ ಹಿಂದೆ ಬೀಳಬಹುದು. ಅಂದರೆ ಆ ಪರೀಕ್ಷೆಯನ್ನು ತಂದು ನಮ್ಮ ಮಗುವಿನ ಮುಂದಿಟ್ಟು ‘ಇವಳಿಗೆ ಓದಿನ ಸಿದ್ಧತೆ ಇಲ್ಲ’ ಎಂದು ಬರೆದರೆ ಅದು ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇಂಗ್ಲಿಷಿನ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಯುರೋಪಿನ 13 ಬರಹ ಪದ್ಧತಿಗಳನ್ನು ಹೋಲಿಸಿದ, 2003ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದಿದೆ. ಒಂದು ವರ್ಷ ಶಾಲೆ ಮುಗಿಸಿದ ಫಿನ್‌ಲೆಂಡಿನ, ಗ್ರೀಸಿನ ಮಕ್ಕಳು ಪರಿಚಿತ ಪದಗಳನ್ನು ಬಹುತೇಕ ತಪ್ಪಿಲ್ಲದೆ ಓದಿದರೆ, ಇಂಗ್ಲಿಷ್ ಓದುವ ಸ್ಕಾಟ್ಲೆಂಡಿನ ಮಕ್ಕಳು ಸರಿಯಾಗಿ ಓದಿದ್ದು ಶೇ 34. ಇಂಗ್ಲಿಷೇ ಮನೆಮಾತಾದ ಮಕ್ಕಳ ಕತೆ ಇದು. ಅಕ್ಷರಗಳು ಇಪ್ಪತ್ತಾರೇ ಇದ್ದರೂ ಉಚ್ಚಾರಕ್ಕೂ ಬರಹಕ್ಕೂ ಹೊಂದಿಕೆ ಇಲ್ಲದ ಕಾರಣ ಆ ಲಿಪಿಯೂ ದುಬಾರಿ. ರೂಪಗಳ ಸಂಖ್ಯೆಯಿಂದ ದೀರ್ಘವಾದ ಕನ್ನಡ, ಕ್ರಮವಿಲ್ಲದಿರುವುದರಿಂದ ದೀರ್ಘವಾದ ಇಂಗ್ಲಿಷ್, ಎರಡನ್ನೂ ನಾವು ಆರು ವರ್ಷದ ಮಗುವಿನ ಮೇಲೆ ಒಂದೇ ಜೂನ್ ತಿಂಗಳಲ್ಲಿ ಹೇರುತ್ತಿದ್ದೇವೆ.

ಇನ್ನು ಯಾದಗಿರಿ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಈ ಜಿಲ್ಲೆಯದು ಶೇ 51.83, ರಾಜ್ಯದಲ್ಲೇ ಕೊನೆಯದು. 2011ರಿಂದ ಕೆಲವು ವರ್ಷ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶೈಲಜಾ ಮೆನನ್ ಅವರ ನೇತೃತ್ವದ ತಂಡ ಯಾದಗಿರಿ ತಾಲ್ಲೂಕಿನಲ್ಲೂ ಮಹಾರಾಷ್ಟ್ರದ ವಾಡಾ ತಾಲ್ಲೂಕಿನಲ್ಲೂ ಮಕ್ಕಳನ್ನು ಒಂದನೇ ತರಗತಿಯಿಂದ ಮೂರನೆಯದರವರೆಗೆ ಹಿಂಬಾಲಿಸಿ ಅಧ್ಯಯನ ಮಾಡಿತು. ಭಾರತೀಯ ಭಾಷೆಗಳ ಓದಿನ ಬಗ್ಗೆ ಇಷ್ಟು ತಾಳ್ಮೆಯ ಕೆಲಸ ನಮ್ಮಲ್ಲಿ ವಿರಳ. ಬರಿಯ ಪರೀಕ್ಷೆ ಮಾಡಿ ಹೋಗದೆ ತರಗತಿಯೊಳಗೆ ಕೂತು ನೋಡಿದರು, ಶಿಕ್ಷಕರನ್ನು ಮಾತಾಡಿಸಿದರು, ಪಠ್ಯಗಳನ್ನು ಬಿಡಿಸಿ ಓದಿದರು. ಅವರಿಗೆ ಕಂಡದ್ದು ಆ ಶಾಲೆಗಳನ್ನು ಬಲ್ಲ ಯಾರಿಗೂ ಪರಿಚಿತವೇ: ತರಗತಿಯ ಹೊತ್ತೆಲ್ಲ ಲಿಪಿ ಕಲಿಸುವುದರಲ್ಲೇ ಕಳೆಯುತ್ತದೆ. ಅರ್ಥದ ಮಾತು, ಕತೆಯ ಚರ್ಚೆ, ಮಗು ತನ್ನದನ್ನು ಬರೆಯುವ ಅವಕಾಶ ಎಲ್ಲವೂ ‘ಅಕ್ಷರ ಮುಗಿದ ಮೇಲೆ’ ಎಂದು ಮುಂದೆ ಹೋಗುತ್ತವೆ. ಕನ್ನಡದಲ್ಲಿ ಅಕ್ಷರ ನಾಲ್ಕು ವರ್ಷಕ್ಕೂ ಮುಗಿಯದು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅರ್ಥದ ಸರದಿ ಬರುವುದೇ ಇಲ್ಲ.

ಯಾದಗಿರಿಯ ತರಗತಿಗಳಲ್ಲಿ ಇದ್ದದ್ದು ನಲಿಕಲಿ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕೂತು ಕಟ್ಟಿದ ಈ ಪದ್ಧತಿಯ ಬಗ್ಗೆ ನನಗೆ ಆಳವಾದ ಗೌರವವಿದೆ. ‘ಅ ಆ ಇ ಈ’ ಎಂಬ ಶತಮಾನಗಳ ಕ್ರಮವನ್ನು ಬದಿಗಿಟ್ಟು ‘ರ ಗ ಸ ದ ಅ’ ಎಂದು ಶುರುಮಾಡಿದ್ದು ಧೈರ್ಯದ ಕೆಲಸ. ಐದೇ ಅಕ್ಷರಗಳಲ್ಲಿ ಮಗು ‘ಸರ’, ‘ಅರಸ’, ‘ಗರಗಸ’ ಓದಿಬಿಡುತ್ತದೆ. ಓದು ಬಂತು ಎಂಬ ಸಂತೋಷ ಮೊದಲ ತಿಂಗಳಲ್ಲೇ ಸಿಗುತ್ತದೆ. ಕಾರ್ಡುಗಳ ಮೂಲಕ ಮಗು ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲಿಕಾ ಏಣಿ, ಮೈಲಿಗಲ್ಲುಗಳು, ಮಕ್ಕಳ ಗುಂಪುಗಳನ್ನು ಸೂಚಿಸುವ ತಟ್ಟೆಗಳು, ಚಪ್ಪರಕ್ಕೆ ತೂಗುಹಾಕಿದ ಮಕ್ಕಳ ಚಿತ್ರಗಳು, ತನ್ನ ವೇಗದಲ್ಲಿ ಏರುವ ಸ್ವಾತಂತ್ರ್ಯ ಎಲ್ಲವೂ ಮಗುವಿಗೆ ಸಮಯ ಕೊಡಬೇಕೆಂಬ ತಿಳಿವಳಿಕೆಯಿಂದಲೇ ಹುಟ್ಟಿದವು. 2009ರ ನಂತರ ರಾಜ್ಯದ ಎಲ್ಲ ಕನ್ನಡ ಶಾಲೆಗಳಿಗೆ ಹಬ್ಬಿದಾಗ ಅದಕ್ಕೆ ಬೇಕಾದ ಬೆಂಬಲ ಅಷ್ಟೇ ವೇಗದಲ್ಲಿ ಹಬ್ಬಲಿಲ್ಲ. ಕೋಲಾರದ ಗೌನಿಪಲ್ಲಿಯಿಂದ ಬೀದರಿನ ಔರಾದಿನವರೆಗೆ ಒಂದೇ ಕಾರ್ಡು, ಒಂದೇ ಏಣಿ. ಮೊದಲ ಕಾರ್ಡಿನ ‘ಅರಸ’ ಎಂದರೆ ಯಾರು ಎಂಬುದು ತಾಂಡಾದ ಮಗುವಿಗೆ ತಿಳಿದಿರಬೇಕೆಂದು ಆ ಕಾರ್ಡು ನಂಬಿಕೊಂಡಿರುತ್ತದೆ.

ಲಂಬಾಣಿ ತಾಂಡಾದ ಮಗು ಮನೆಯಲ್ಲಿ ತಾಯಿಯನ್ನು ‘ಯಾಡಿ’ ಎನ್ನುತ್ತದೆ. ಶಾಲೆಯ ಚಿತ್ರಪಟದಲ್ಲಿ ಅದೇ ತಾಯಿಯ ಕೆಳಗೆ ‘ಅಮ್ಮ’ ಎಂದಿರುತ್ತದೆ. ಊರಿನ ಮಕ್ಕಳ ಜೊತೆ ಆಡಿದ ಮಗುವಾದರೆ ಕನ್ನಡ ಕಿವಿಗೆ ಬಿದ್ದಿರುತ್ತದೆ. ದೂರದ ತಾಂಡಾದಲ್ಲಿ ಅದೂ ಇಲ್ಲ. ಗುರುಮಠಕಲ್ ಕಡೆ ತೆಲುಗು, ಪೇಟೆಗಳಲ್ಲಿ ದಖ್ಖನಿ ಉರ್ದು. ಹತ್ತಿ ಬಿಡಿಸುವ ಕಾಲಕ್ಕೆ ದೊಡ್ಡ ಮಕ್ಕಳು ಹೊಲಕ್ಕೆ ಹೋದರೆ ಚಿಕ್ಕವರು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಬೆಂಗಳೂರಿಗೆ ಗುಳೆ ಹೋದ ಕುಟುಂಬದ ಮಗು ಯುಗಾದಿಗೆ ಊರಿಗೆ ಬಂದಾಗ ತರಗತಿ ಏಣಿಯ ಎಷ್ಟೋ ಮೆಟ್ಟಿಲು ಮೇಲೇರಿರುತ್ತದೆ. ಒಮ್ಮೆ ತಾಂಡಾದ ತಾಯಿಯೊಬ್ಬರು ನನ್ನನ್ನು ತಡೆದು ಕೇಳಿದರು: “ಅಕ್ಕೋರೆ, ನಮ್ಮ ಹುಡುಗ ಪುಸ್ತಕ ಹಿಡಿದರೆ ಗಡಗಡ ಓದುತ್ತಾನೆ. ಏನು ಓದಿದೆಯೋ ಹೇಳು ಎಂದರೆ ಸುಮ್ಮನಾಗುತ್ತಾನೆ. ಯಾಕೆ?” ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವರದಿಗಳು ಪುಟಗಟ್ಟಲೆ ಹೇಳಿದ್ದನ್ನು ಅವರು ಮನೆಯಲ್ಲಿ ಮಗನ ಮುಂದೆ ಕೂತು ಕಂಡುಕೊಂಡಿದ್ದರು. ಗಡಿಯಾರದ ಪರೀಕ್ಷೆಯಲ್ಲಿ ಆ ಹುಡುಗ ಪಾಸಾಗುತ್ತಾನೆ ಎಂಬುದನ್ನು ಮರೆಯಬಾರದು.

ಈ ಮಕ್ಕಳ ಭಾಷೆ ಸರ್ಕಾರದ ಕಡತದಲ್ಲಿ ಎಲ್ಲಿದೆ ಎಂದು ನೋಡಿದರೆ ಇನ್ನಷ್ಟು ಬೇಸರವಾಗುತ್ತದೆ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ಮಾತೃಭಾಷೆ ಎಂದು ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಅವರೆಲ್ಲರೂ ಲೆಕ್ಕಕ್ಕೆ ಸೇರಿದ್ದು ‘ಹಿಂದಿ’ಯ ತಲೆಬರಹದ ಕೆಳಗೆ. ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಶೇ 66ರಷ್ಟು. ಅಂದರೆ ಮೂರರಲ್ಲಿ ಒಬ್ಬರ ಮನೆಮಾತು ಬೇರೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಅನುಕೂಲ ಒದಗಿಸಬೇಕು ಎಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಕನ್ನಡದ ಪರ ಮಾತಾಡುವಾಗ ನಾವು ಇದನ್ನು ನೆನೆಯದಿದ್ದರೆ, ಇಂಗ್ಲಿಷಿನ ಮುಂದೆ ನಾವು ಕೇಳುವ ನ್ಯಾಯವನ್ನು ಲಂಬಾಣಿಗೆ, ತುಳುವಿಗೆ, ಕೊರಗರ ಮಾತಿಗೆ ನಿರಾಕರಿಸಿದಂತೆ. ಮೈಸೂರಿನಲ್ಲೇ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಅದರ ಮೊದಲ ನಿರ್ದೇಶಕ ಡಿ.ಪಿ. ಪಟ್ನಾಯಕ್ ಬದುಕಿನುದ್ದಕ್ಕೂ ಈ ಮಾತನ್ನೇ ಹೇಳಿದರು.

ಮನೆಮಾತು ಉಳಿದರೆ ಮಗುವಿಗೆ ಏನು ಸಿಗುತ್ತದೆ ಎಂಬುದಕ್ಕೆ ಒಡಿಶಾದ ಕಂಧಮಾಲ್ ಕಡೆಯ ಕಂಧ ಬುಡಕಟ್ಟಿನ ಮೇಲೆ ಮನಶ್ಶಾಸ್ತ್ರಜ್ಞ ಅಜಿತ್ ಮೊಹಾಂತಿ ನಡೆಸಿದ ಅಧ್ಯಯನಗಳು ಅಪರೂಪದ ಸಾಕ್ಷ್ಯ. ಒಂದೇ ಬುಡಕಟ್ಟು, ಒಂದೇ ಬಡತನ, ಒಂದೇ ಬಗೆಯ ಬದುಕು. ಕೆಲವು ಭಾಗಗಳಲ್ಲಿ ಜನ ತಮ್ಮ ಕುಯಿ ಭಾಷೆಯನ್ನು ಬಿಟ್ಟು ಒಡಿಯಾ ಮಾತ್ರ ಆಡುತ್ತಿದ್ದರು, ಇನ್ನು ಕೆಲವು ಭಾಗಗಳಲ್ಲಿ ಎರಡನ್ನೂ ಆಡುತ್ತಿದ್ದರು. ಎರಡೂ ಭಾಷೆ ಬಲ್ಲ ಮಕ್ಕಳು ಬುದ್ಧಿ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಒಡಿಯಾ ಮಾತ್ರ ಬಲ್ಲವರಿಗಿಂತ ಮುಂದಿದ್ದರು. ಮನೆಮಾತು ಬಿಟ್ಟದ್ದರಿಂದ ಶಾಲೆಯ ಮಾತಿನಲ್ಲೂ ಲಾಭವಾಗಲಿಲ್ಲ. ಮುಂದೆ 2006ರ ಹೊತ್ತಿಗೆ ಒಡಿಶಾ ಹತ್ತು ಬುಡಕಟ್ಟು ಭಾಷೆಗಳಲ್ಲಿ ಶಾಲೆ ಆರಂಭಿಸುವ ಕೆಲಸಕ್ಕೆ ಕೈಹಾಕಿದಾಗ ಈ ಅರಿವು ಜೊತೆಗಿತ್ತು.

ಇದಕ್ಕೂ ಹಿಂದೆ, 1970ರಲ್ಲಿ, ನೈಜೀರಿಯಾದ ಇಫೆ ವಿಶ್ವವಿದ್ಯಾಲಯದಲ್ಲಿ ಬಾಬ್ಸ್ ಫಫುನ್ವಾ ಅವರ ಮುಂದಾಳತ್ವದಲ್ಲಿ ಒಂದು ಪ್ರಯೋಗ ಶುರುವಾಯಿತು. ಆರು ವರ್ಷದ ಇಡೀ ಪ್ರಾಥಮಿಕ ಶಿಕ್ಷಣವನ್ನು ಯೊರುಬಾ ಭಾಷೆಯಲ್ಲೇ ಕೊಟ್ಟು, ಇಂಗ್ಲಿಷನ್ನು ಅದಕ್ಕೆಂದೇ ತರಬೇತಿ ಪಡೆದ ಶಿಕ್ಷಕರಿಂದ ಒಂದು ವಿಷಯವಾಗಿ ಕಲಿಸಿದರು. ಮೂರು ವರ್ಷದ ನಂತರ ಇಂಗ್ಲಿಷಿಗೆ ಬದಲಾದ ಮಕ್ಕಳಿಗಿಂತ ಇವರು ಗಣಿತ, ವಿಜ್ಞಾನಗಳಲ್ಲಿ ಮುಂದಾದರು. ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ನಾನು ಈ ಪ್ರಯೋಗಕ್ಕೆ ಮತ್ತೆ ಮತ್ತೆ ಮರಳಲು ಕಾರಣ ಅದರ ಅವಧಿ. ಆರು ವರ್ಷ! ಮಗುವಿನ ಜೊತೆ ಕೊನೆಯವರೆಗೂ ನಡೆಯುವ ತಾಳ್ಮೆ ಅವರಿಗಿತ್ತು.

ಮಾತೃಭಾಷೆಯ ಪರವಾಗಿರುವ ನಮ್ಮಂಥವರು ಕೀನ್ಯಾದ ಫಲಿತಾಂಶವನ್ನು ಮುಚ್ಚಿಡಬಾರದು. ಅಲ್ಲಿ ಪ್ರೈಮರ್ ಎಂಬ ಕಾರ್ಯಕ್ರಮದಡಿ ಕೆಲವು ಶಾಲೆಗಳಲ್ಲಿ ಕಿಕಾಂಬಾ ಮತ್ತು ಲುಬುಕುಸು ಭಾಷೆಗಳಲ್ಲಿ ಓದು ಕಲಿಸಿದರು. ಮಕ್ಕಳ ಮನೆಮಾತಿನ ಓದು ಗಣನೀಯವಾಗಿ ಸುಧಾರಿಸಿತು. ಆದರೆ ಇಂಗ್ಲಿಷ್, ಕಿಸ್ವಾಹಿಲಿಗಳಲ್ಲಿ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ, ಗಣಿತದಲ್ಲಿ ಆ ಮಕ್ಕಳು ಸ್ವಲ್ಪ ಹಿಂದೆಯೇ ಉಳಿದರು. ಪುಸ್ತಕದ ಭಾಷೆ ಬದಲಿಸಿದ ಮಾತ್ರಕ್ಕೆ ಎಲ್ಲವೂ ತಾನಾಗಿ ಸರಿಹೋಗುವುದಿಲ್ಲ ಎಂಬುದನ್ನು ನಾವು ಒಪ್ಪಬೇಕು. ಒಂದೆರಡು ವರ್ಷದ ಪ್ರಯೋಗದಲ್ಲಿ ಕಂಡದ್ದೇ ಕೊನೆಯ ಮಾತು ಎಂದು ಒಪ್ಪಲು ಮಾತ್ರ ನನ್ನ ಮನಸ್ಸು ಸಿದ್ಧವಿಲ್ಲ. ಒಂದು ಭಾಷೆಯಲ್ಲಿ ಪಳಗಿದ ಓದು ಇನ್ನೊಂದಕ್ಕೆ ಹರಿಯಲು ಆ ಮೊದಲ ಓದು ತುಂಬಿ ನಿಲ್ಲಬೇಕು, ಅದಕ್ಕೆ ವರ್ಷಗಳು ಬೇಕು.

ಇಲ್ಲಿ ತಂದೆತಾಯಿಯರ ಆಸೆಯ ಪ್ರಶ್ನೆ ಬರುತ್ತದೆ. ಮೊದಲ ನಾಲ್ಕು ವರ್ಷ ಮಾತೃಭಾಷೆ ಅಥವಾ ಕನ್ನಡದಲ್ಲಿ ಕಲಿಸಬೇಕೆಂದು 1994ರಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಿದ್ದುಹೋಯಿತು. 2019ರಲ್ಲಿ ರಾಜ್ಯ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಆ ವಿಭಾಗಗಳ ಮುಂದೆ ಸಾಲು ನಿಂತವರನ್ನು ಭಾಷಾಭಿಮಾನ ಇಲ್ಲದವರೆಂದು ಜರೆಯುವುದು ನನಗೆ ಸರಿ ಕಾಣುವುದಿಲ್ಲ. ತಲೆಮಾರುಗಳಿಂದ ಅಕ್ಷರದ ಹೊರಗೇ ನಿಲ್ಲಿಸಲ್ಪಟ್ಟವರು ತಮ್ಮ ಮಗು ಊರ ಧಣಿಯ ಮಗನ ಪಕ್ಕ ಕೂರುವ ದಾರಿಯನ್ನು ಇಂಗ್ಲಿಷಿನಲ್ಲಿ ಕಾಣುತ್ತಾರೆ. ಆ ಆಸೆ ನ್ಯಾಯವಾದದ್ದು. ಅವರಿಗೆ ಹೇಳಬೇಕಾದದ್ದನ್ನು ನಾವು ಹೇಳುತ್ತಿಲ್ಲ: ನಿಮ್ಮ ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬರಬೇಕಾದರೆ, ಮೊದಲು ಅರ್ಥವಾಗುವ ಭಾಷೆಯಲ್ಲಿ ಓದು ಗಟ್ಟಿಯಾಗಲಿ, ಅದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದೆ, ಆ ವರ್ಷಗಳಲ್ಲೇ ಇಂಗ್ಲಿಷನ್ನು ಕಿವಿಗೂ ಬಾಯಿಗೂ ಕೊಡುತ್ತೇವೆ ಎಂಬ ಭರವಸೆ. ಫಿಲಿಪ್ಪೀನ್ಸ್ 2013ರ ಕಾನೂನಿನ ಮೂಲಕ ಮೂರನೇ ತರಗತಿಯವರೆಗೆ ಮನೆಮಾತಿನ ಶಿಕ್ಷಣವನ್ನು ದೇಶದುದ್ದಕ್ಕೂ ತಂದಿತ್ತು. ಪುಸ್ತಕ, ಶಿಕ್ಷಕರ ತರಬೇತಿ ಸಾಲದೆ ಏದುಸಿರು ಬಿಡುತ್ತಿದ್ದ ಆ ವ್ಯವಸ್ಥೆಯನ್ನು 2024ರ ಅಕ್ಟೋಬರ್‌ನಲ್ಲಿ ಇನ್ನೊಂದು ಕಾನೂನು ಕೊನೆಗೊಳಿಸಿತು. ಹನ್ನೊಂದು ವರ್ಷ, ಶುರುವಿನಲ್ಲಿ ಸೇರಿದ ಮಗು ಶಾಲೆ ಮುಗಿಸುವ ಹೊತ್ತಿಗೆ ನೀತಿಯೇ ಇಲ್ಲ.

ಸಂಶೋಧನೆಯ ಆಯುಷ್ಯವೂ ಹೀಗೆಯೇ ಇನ್ನೊಬ್ಬರ ಕೈಯಲ್ಲಿದೆ. ಆಫ್ರಿಕಾ, ಏಷ್ಯಾಗಳ ಓದಿನ ಅಧ್ಯಯನಗಳಿಗೆ ಬಹುದೊಡ್ಡ ಪಾಲು ಹಣ ಬರುತ್ತಿದ್ದದ್ದು ಯುಎಸ್‌ಏಡ್‌ನಿಂದ. 2025ರ ಜನವರಿಯಲ್ಲಿ ವಾಷಿಂಗ್ಟನ್‌ನ ಒಂದು ಆದೇಶ ಆ ಹರಿವನ್ನು ತಡೆಯಿತು, ಜುಲೈ ಹೊತ್ತಿಗೆ ಸಂಸ್ಥೆಯೇ ಮುಚ್ಚಿತು. ಅರ್ಧದಲ್ಲಿ ನಿಂತ ಅಧ್ಯಯನಗಳ ಮಕ್ಕಳು ಎರಡನೆಯ, ಮೂರನೆಯ ತರಗತಿಯಲ್ಲೇ ಇದ್ದರು. ಅನುದಾನ ಮೂರು ವರ್ಷದ್ದು, ಐದು ವರ್ಷದ್ದು. ಅದರಲ್ಲೂ ಮೊದಲ ವರ್ಷ ಸಿದ್ಧತೆಗೆ, ಕೊನೆಯ ವರ್ಷ ವರದಿಗೆ. ಹೀಗಾಗಿ ಸಂಶೋಧಕರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಮಗುವಿನ ಮೊದಲ ಎರಡು ಮೂರು ವರ್ಷಗಳು ಮಾತ್ರ. ನಮ್ಮಂತಹ ಲಿಪಿಯಲ್ಲಿ ಓದು ತೆರೆದುಕೊಳ್ಳುವ ನಾಲ್ಕನೆಯ, ಐದನೆಯ ವರ್ಷಕ್ಕೆ ಯಾರೂ ಉಳಿದಿರುವುದಿಲ್ಲ. ಆಮೇಲೆ ಆ ಅರ್ಧ ದಾರಿಯ ಅಳತೆಯೇ ಗುರಿಯಾಗಿ ತರಗತಿಗೆ ವಾಪಸು ಬರುತ್ತದೆ.

ಇದಕ್ಕೆ ಹೊರಗಿನ ಹಣ ಕಾಯಬೇಕಾಗಿಲ್ಲ. ಜಿಲ್ಲೆಗೊಂದು ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ಭಾಷಾ ಸಂಸ್ಥಾನ ಮೈಸೂರಿನಲ್ಲಿದೆ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಶಿಕ್ಷಣಕ್ಕೆ ದೊಡ್ಡ ಪಾಲನ್ನೇ ಮೀಸಲಿಡುತ್ತಿದೆ; ಅದರಲ್ಲಿ ಕೊಠಡಿ, ಕಾಂಪೌಂಡುಗಳ ಪಕ್ಕದಲ್ಲಿ ಒಂದು ಸಣ್ಣ ಮೊತ್ತ ಈ ಕೆಲಸಕ್ಕೂ ಸಿಗಲಿ. ಮುಂದಿನ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುವ ತಾಂಡಾದ ಮಕ್ಕಳನ್ನು ಐದನೇ ತರಗತಿ ಮುಗಿಯುವವರೆಗೆ ಹಿಂಬಾಲಿಸಬೇಕು. ಕನ್ನಡ ಲಿಪಿಯಲ್ಲೇ ಅಚ್ಚಾದ ಲಂಬಾಣಿ ಕತೆಗಳನ್ನು ಮೊದಲ ದಿನದಿಂದ ಕೈಗೆ ಕೊಡಬೇಕು. ಕಲಿತ ಲಿಪಿ ಎರಡೂ ಭಾಷೆಗೆ ದುಡಿಯುತ್ತದೆ. ಲಂಬಾಣಿ ಬಲ್ಲ ಯುವತಿಯರನ್ನು ತಾಂಡಾಗಳಿಂದಲೇ ಸಹಾಯಕ ಶಿಕ್ಷಕಿಯರಾಗಿ ನೇಮಿಸಬೇಕು. ಗುಳೆ ಹೋದ ಮಗುವಿನ ಓದನ್ನು ಬೆಂಗಳೂರಿನ ಶೆಡ್ಡಿನಲ್ಲೂ ಹೋಗಿ ಕೇಳಿ ದಾಖಲಿಸಬೇಕು. ಪದ ಎಣಿಸುವುದರ ಜೊತೆಗೆ, ಓದಿದ್ದನ್ನು ಮಗು ತನ್ನ ಮಾತಿನಲ್ಲಿ, ಅದು ಲಂಬಾಣಿಯೇ ಆಗಲಿ, ಹೇಳಲು ಬಿಟ್ಟು ಅದನ್ನೂ ಬರೆದುಕೊಳ್ಳಬೇಕು. ಕನ್ನಡಕ್ಕೆ ನಿಮಿಷಕ್ಕೆ ಎಷ್ಟು ಪದ ಎಂಬ ಪ್ರಶ್ನೆಗೆ ನಮ್ಮದೇ ಉತ್ತರವನ್ನು ಆ ಐದು ವರ್ಷದ ದಾಖಲೆಯಿಂದ ಬರೆಯೋಣ. ಅಲ್ಲಿಯವರೆಗೆ ಗೋಡೆಯ ಮೇಲಿನ ಆ 60ನ್ನು ತೆಗೆದಿಡಲು ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿಗಳಿಗೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೂ) ಶಿಕ್ಷಕರಿಗೂ ಇಲಾಖೆ ಒಂದು ಸಾಲಿನ ಸುತ್ತೋಲೆ ಕಳಿಸಿದರೆ ಸಾಕು.